ಗೋಡೆಗೂ ಹೋರಿಗೂ ನಡುವೆ ನಾನೂರು ನಂಬರಿನ ಪೇಪರು

ಆಗ ನನಗೆ ಅರವತ್ತೆರಡು. ಇದು ನಡೆದು ಆರು ವರ್ಷವಾಯಿತು. ನಾನು ಹೋರಿಗಳ ಕೊಂಬು ಹೆರೆಯುವವಳು. ಮೊದಲು ಗಂಡ ಮಾಡುತ್ತಿದ್ದ. ಅವನು ಸತ್ತ ಮೇಲೆ ಕತ್ತಿ, ಸಾಣೆಕಲ್ಲು ಸುಮ್ಮನೆ ಬಿದ್ದಿದ್ದವು, ನಾನು ಹಿಡಿದೆ. ನನ್ನ ಊರು ಹಾನಗಲ್. ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಿಗೆಲ್ಲ ಹೋಗುತ್ತೇನೆ. ದೀಪಾವಳಿಗೆ ಹೋರಿ ಬೆದರಿಸುವ ಆಟ ಶುರುವಾಗುತ್ತದೆ. ಓಡುವ ಹೋರಿಯನ್ನು ಹಿಡಿಯಲು ಜನ ನಿಂತಿರುತ್ತಾರೆ. ಯಾರ ಕೈಗೂ ಸಿಗದ ಹೋರಿಗೆ ಹೆಸರು. ಅದರ ಕೊಂಬು ಹೊಳೆಯಬೇಕೆಂದು ಮಾಲೀಕರ ಹಟ. ಅಕ್ಷರ ನನಗೆ ಅಷ್ಟಕ್ಕಷ್ಟೆ. ಅಂಕಿ ಓದುತ್ತೇನೆ, ಈ ಕೆಲಸಕ್ಕೆ ಅದು ಸಾಕು.

ಮೊದಲು ಕತ್ತಿಯಿಂದ ಕೊಂಬಿನ ಒರಟು ಪದರು ಹೆರೆಯಬೇಕು. ಆ ಕತ್ತಿಗೆ ಸಾಣೆಕಲ್ಲಿನ ಎರಡೂ ಮಗ್ಗುಲು ಬೇಕು. ದಪ್ಪ ಕಾಳಿನ ಮಗ್ಗುಲಲ್ಲಿ ಬಾಯಿಯ ಮುಕ್ಕು ಹೋಗುತ್ತದೆ, ಸಣ್ಣ ಕಾಳಿನದರಲ್ಲಿ ಹರಿತ ಬರುತ್ತದೆ. ಮುಕ್ಕು ಉಳಿದ ಕತ್ತಿ ಕೊಂಬಿನ ಮೇಲೆ ಗೀರು ಎಳೆಯುತ್ತದೆ, ಆ ಗೀರು ತೆಗೆಯಲು ಮತ್ತೆ ರಟ್ಟೆ ಮುರಿಯಬೇಕು. ಹೆರೆದ ಮೇಲೆ ಪಾಲಿಶ್ ಪೇಪರು. ಅದರ ಬೆನ್ನ ಮೇಲೆ ನಂಬರು ಇರುತ್ತದೆ: ಎಂಬತ್ತು, ನೂರೈವತ್ತು, ಇನ್ನೂರಿಪ್ಪತ್ತು, ನಾನೂರು. ನಂಬರು ಕಡಿಮೆಯಾದಷ್ಟೂ ಕಾಳು ದಪ್ಪ. ಎಂಬತ್ತು ಕೊಂಬನ್ನು ತಿನ್ನುತ್ತದೆ. ನಾನೂರು ತಿನ್ನುವುದಿಲ್ಲ, ನಯ ಮಾಡುತ್ತದೆ. ನಡುವಿನದನ್ನು ಬಿಟ್ಟು ಹಾರಬಾರದು. ಹಾರಿದರೆ ಎಂಬತ್ತರ ಗೆರೆ ಒಳಗೇ ಉಳಿದು, ಎಣ್ಣೆ ಸವರಿದ ಕೂಡಲೇ ಎದ್ದು ಕಾಣುತ್ತದೆ.

ಆ ವರ್ಷ ಚಿಕ್ಕೇರೂರಿನ ನಾಗಪ್ಪ ಹೇಳಿ ಕಳಿಸಿದ. ಹೊಸದಾಗಿ ತಂದ ಹೋರಿ. ಎಲ್ಲ ಕಡೆ ಹೋರಿಯನ್ನು ಹಗ್ಗ ಹಾಕಿ ಬಯಲಿನಲ್ಲಿ ಕೆಡವುತ್ತಾರೆ, ನಾಲ್ಕು ಜನ ಅದುಮಿ ಹಿಡಿಯುತ್ತಾರೆ, ನಾನು ತಿಕ್ಕುತ್ತೇನೆ. ನಾಗಪ್ಪ ಅದಕ್ಕೆ ಒಪ್ಪಲಿಲ್ಲ.

"ಕೆಡವಿದ್ರ ಸೋಲೂದು ಕಲೀತೇತ್ರಿ ಆಯಿ. ಒಮ್ಮಿ ನೆಲಾ ಕಂಡ ಹೋರಿ ಆಮ್ಯಾಲ ಜನರ ಕೈಗೆ ಸಿಗತೇತಿ. ಬಯಲಾಗೂ ಬ್ಯಾಡ್ರಿ, ಮಂದಿ ಕಣ್ಣು ಬೀಳತೇತಿ."

"ನಿನ್ನ ಹೋರಿ ನಿಂತಿರಲಿ. ನಾ ಎಲ್ಲಿ ನಿಲ್ಲಬೇಕು?"

"ಗ್ವಾಡಿ ಕಡೆ ಜಾಗ ಐತೆಲ್ರಿ."

ಜಾಗ ಇತ್ತು, ಒಬ್ಬಳು ಅಡ್ಡ ನಿಲ್ಲುವಷ್ಟು. ಕೊಟ್ಟಿಗೆಯ ಮೂಲೆಯಲ್ಲಿ ಹೋರಿಯ ಮುಂದೆ ಮೇವಿನ ಗೋದಲಿ, ಎಡಕ್ಕೆ ಕಲ್ಲಿನ ಗೋಡೆ. ಮೂಗುದಾರದಿಂದ ಎರಡು ಹಗ್ಗ ಬಿಗಿದು, ಎಡಗಡೆಯದನ್ನು ಗೋದಲಿಯ ಬಳೆಗೆ ಕಟ್ಟಿದ್ದ, ಬಲಗಡೆಯದನ್ನು ತಾನು ಹಿಡಿದಿದ್ದ. ಬಲಗೊಂಬು ಮುಗಿಸಿದೆ, ನಾನೂರರವರೆಗೆ. ಒಳ್ಳೆಯದಾಯಿತು. ಎಡಗೊಂಬಿಗೆಂದು ಗೋಡೆಯ ಕಡೆ ಹೋಗಿ ನಿಂತೆ. ಕತ್ತಿಯ ಕೆಲಸ ಮುಗಿದು ಎಂಬತ್ತರ ಒಂದು ತುಂಡು ಹಿಡಿದಿದ್ದೆ. ಎಲ್ಲ ನಂಬರಿನ ಹಾಳೆಗಳೂ ಗೋದಲಿಯ ಆಚೆ ಗೋಣಿಚೀಲದ ಮೇಲಿದ್ದವು. ಬಲಗೊಂಬಿಗೆ ಬಳಸಿದ ನಾನೂರರ ತುಂಡೊಂದು ಮಾತ್ರ ನನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿತ್ತು.

ಆಗ ನಾಗಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಆಟದ ದಿನ ಹೋರಿ ಬಿಡುವಾಗ ಬಾರಿಸುವ ಹಲಗೆಯ ಸಪ್ಪಳವನ್ನೇ ಅವನು ಫೋನಿಗೆ ಹಾಕಿಕೊಂಡಿದ್ದ. ಆ ಸಪ್ಪಳಕ್ಕೆ ಓಡಬೇಕೆಂದು ಹೋರಿಗೆ ಕಲಿಸಿದವನೂ ಅವನೇ.

ಹೋರಿ ಓಡಲು ನೋಡಿತು. ಮುಂದೆ ಗೋದಲಿ. ನಾಗಪ್ಪನ ಕೈಯ ಹಗ್ಗ ಕಿತ್ತುಕೊಂಡು ಹೋಯಿತು, ಎಡಗಡೆಯ ಹಗ್ಗ ಗಟ್ಟಿ ಇತ್ತು. ಅದಕ್ಕೇ ಇಡೀ ಮೈ ನನ್ನ ಕಡೆ ತಿರುಗಿತು. ಬೆನ್ನಿಗೆ ಗೋಡೆ, ಎದೆಗೆ ಹೋರಿಯ ಕುತ್ತಿಗೆ. ಕೊಂಬಿನ ತುದಿ ನನ್ನ ಎಡ ಕಂಕುಳ ಕೆಳಗೆ ಹಾಯ್ದು ಗೋಡೆಗೆ ಆನಿತ್ತು. ಪಕ್ಕೆಯಲ್ಲಿ ಏನೋ ಲಟಕ್ ಎಂದಿತು. ಬಲಗೈ ಒಂದೇ ನನ್ನದಾಗಿ ಉಳಿದದ್ದು.

ನಾಗಪ್ಪ ಹಿಂದಿನಿಂದ ಬಾಲ ಹಿಡಿದು ಜಗ್ಗಿದ. ಜಗ್ಗಿದಷ್ಟೂ ಹೋರಿ ಮುಂದಕ್ಕೆ ಒತ್ತಿತು. ನನಗೆ ಕೂಗಲು ಉಸಿರಿಲ್ಲ. ಕೂಗಿದವಳು ಅವನ ಹೆಂಡತಿ ಶಾಂತವ್ವ. ಅಡುಗೆಮನೆಯಿಂದ ಓಡಿಬಂದಿದ್ದಳು.

"ಬಾಲ ಬಿಡ್ರಿ. ಮುದುಕಿನ ಅರದ ಹಾಕ್ತೀರೇನು?"

ಅವನು ಬಿಟ್ಟ. ನಾನು ಕೈಯಲ್ಲಿದ್ದ ಪೇಪರನ್ನೇ ಕೊಂಬಿನ ಬುಡಕ್ಕೆ ಒಮ್ಮೆ ಎಳೆದೆ. ದನಕ್ಕೆ ಅಲ್ಲಿ ತುರಿಕೆ ಇರುತ್ತದೆ, ತಿಕ್ಕಿದರೆ ಸುಮ್ಮನಾದೀತು ಎಂದು. ಆದರೆ ಅದು ಎಂಬತ್ತು. ಕೊಂಬಿನ ಬುಡ ಹಸಿ. ದಪ್ಪ ಕಾಳು ಚುಚ್ಚಿತು. ಹೋರಿ ತಲೆ ಕೊಡವಿತು, ನನಗೆ ಕಣ್ಣು ಕತ್ತಲೆ ಬಂತು. ಪೇಪರು ಕೆಳಗೆ ಬಿಟ್ಟೆ. ಸೊಂಟದ ತುಂಡನ್ನು ಎರಡು ಬೆರಳಲ್ಲಿ ಎಳೆದು, ಅದೇ ಜಾಗದಲ್ಲಿ ಮೆಲ್ಲಗೆ ಆಡಿಸಿದೆ. ಹೋರಿಯ ಕಿವಿ ಸಡಿಲಾಯಿತು. ಒತ್ತುವುದು ನಿಂತಿತು. ನಿಂತಿತು ಅಷ್ಟೆ, ಬಿಡಲಿಲ್ಲ. ನಾನು ಕೈ ನಿಲ್ಲಿಸಿದರೆ ಮತ್ತೆ ಒತ್ತುತ್ತಿತ್ತು. ಅದು ಒಂದು ಉಸಿರು ಬಿಟ್ಟರೆ ನಾನೊಂದು ಎಳೆದುಕೊಳ್ಳಬೇಕು, ಹಾಗಿತ್ತು.

"ಆಯಿ, ಮಾತಾಡ್ರಿ. ಜೀವ ಐತಿಲ್ಲೋ?" ಶಾಂತವ್ವ ಗೋದಲಿಯ ಆಚೆಯಿಂದ ಕೇಳಿದಳು.

"ಐತಿ. ಪೇಪರ್ ತುಂಬಾಕತ್ತೈತಿ."

ಕೊಂಬಿನ ಹುಡಿ ತುಂಬಿಕೊಂಡರೆ ಪೇಪರು ಜಾರುತ್ತದೆ, ಹತ್ತುವುದಿಲ್ಲ. ಬೇರೆ ಹೊತ್ತಾದರೆ ಗೋಡೆಗೆ ಬಡಿದು ಹುಡಿ ಉದುರಿಸುತ್ತೇನೆ. ಆಗ ಬಡಿಯುವ ಹಾಗಿರಲಿಲ್ಲ. ಸೀರೆಗೆ ಒರೆಸಿದೆ, ಅಷ್ಟರಲ್ಲೇ ಹೋರಿ ಕಾಲು ಬದಲಿಸಿತು, ಪಕ್ಕೆ ಮತ್ತೆ ಕೂಗಿತು. ತುಂಡು ಸವೆದು ಬಟ್ಟೆಯಾಗುತ್ತಿತ್ತು.

"ಶಾಂತವ್ವ, ನೀ ಆ ಕಡೆ ಕೊಂಬು ತಿಕ್ಕಬೇಕು. ತಲಿ ನಿನ್ನ ಕಡೆ ಹೊಳ್ಳಿದ್ರ ನಾ ಹೊರಗ ಬರ್ತೇನಿ."

ಅವಳು ಆ ಹೋರಿಯನ್ನು ಒಂದು ದಿನವೂ ಮುಟ್ಟಿದವಳಲ್ಲ. ಮೇವನ್ನೂ ದೂರದಿಂದಲೇ ಎಸೆಯುತ್ತಿದ್ದಳಂತೆ.

"ನಾ ಒಲ್ಲೆ. ಅವರು ತಿಕ್ಕಲಿ."

"ಅವನ ಧ್ವನಿ ಕೇಳಿದ್ರ ಅದು ಓಡಾಕ ನೋಡತೈತಿ. ನೀನ ಬೇಕು."

"ಹೋರಿ ನನ್ನ ಮಾತ ಕೇಳ್ತೇತಿ ಅಂತ ಊರೆಲ್ಲ ಹೇಳ್ಕೊಂತ ತಿರಗ್ತಿದ್ರಿ," ಎಂದು ಗಂಡನಿಗೆ ಹೇಳಿದಳು. "ಈಗ ಬಾಯಿ ಮುಚ್ಚಿಕೊಂಡು ಪೇಪರ್ ಕೊಡ್ರಿ."

ನಾಗಪ್ಪ ಗೋಣಿಚೀಲದ ಮೇಲಿಂದ ಒಂದು ಹಾಳೆ ಆರಿಸಿ ಕೊಟ್ಟ. ಬೆನ್ನಿನ ಅಂಕಿ ನನಗೆ ಕಂಡಿತು. ಎಂಬತ್ತು.

"ಅದಲ್ಲ."

"ಎಲ್ಲಾದಕ್ಕಿಂತ ಕಡಿಮಿ ನಂಬರ್ ಇದ ಐತ್ರಿ. ಮೆತ್ತಗಿರ್ತೇತಿ."

ಹೇಳಿಕೊಡಲು ನನ್ನಲ್ಲಿ ಉಸಿರಿರಲಿಲ್ಲ. "ಶಾಂತವ್ವ, ಗಲ್ಲಕ್ಕ ತಿಕ್ಕಿ ನೋಡು. ಉರಿಲಾರದ್ದ ತಗೋ."

ಅವಳು ಒಂದೊಂದನ್ನೇ ಗಲ್ಲಕ್ಕೆ ಹಿಡಿದಳು. ಎಂಬತ್ತು ಎಸೆದಳು, ನೂರೈವತ್ತು ಎಸೆದಳು. ಇನ್ನೂರಿಪ್ಪತ್ತಕ್ಕೆ ತುಸು ತಡೆದು, ಅದನ್ನೂ ಎಸೆದಳು. ನಾನೂರು ಕೈಯಲ್ಲಿ ಉಳಿಯಿತು. ಗೋದಲಿಯ ಮೇಲಿಂದ ಬಗ್ಗಿ, ಕಣ್ಣು ಮುಚ್ಚಿಕೊಂಡೇ ಬಲಗೊಂಬಿನ ಬುಡಕ್ಕೆ ಕೈ ಹಾಕಿದಳು. ಅವಳು ತಿಕ್ಕತೊಡಗಿದ ಮೇಲೆ ನಾನು ನನ್ನ ಕೈ ನಿಲ್ಲಿಸಿದೆ. ಅದು ಹೆದರಿಕೆಯ ಹೊತ್ತು. ಹೋರಿ ಯಾವ ಕಡೆ ತುರಿಕೆ ಬೇಕೆಂದು ಯೋಚಿಸಿದ ಹಾಗೆ ನಿಂತು, ಆಮೇಲೆ ತಲೆಯನ್ನು ಅವಳ ಕಡೆ ಹೊರಳಿಸಿತು. ಕೊಂಬು ಕಂಕುಳಿನಿಂದ ಸರಿಯಿತು. ನಾನು ಕುತ್ತಿಗೆಯ ಕೆಳಗೆ ಕುಸಿದು, ಗೋದಲಿಯ ಮೇಲೆ ಹೊರಳಿ, ಆಚೆ ಬಿದ್ದೆ.

ಹಿರೇಕೆರೂರಿನ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು. ಒಂದು ಪಕ್ಕೆಲುಬು ಸೀಳಿತ್ತು. ಮಾತ್ರೆ ಕೊಟ್ಟು, ಭಾರ ಎತ್ತಬೇಡ ಎಂದರು. ಸಂಜೆ ಶಾಂತವ್ವನ ಮನೆಯಲ್ಲೇ ಮಲಗಿದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ದಪ್ಪದಿಂದ ಸಣ್ಣಕ್ಕೆ ಹೋಗುವ ಸಾಲು ಕೊಂಬಿಗೆ ಸರಿ. ಕೊಂಬು ಹೊತ್ತ ಜೀವಕ್ಕೆ ಅದು ಸರಿಯಲ್ಲ. ಈಗ ನಾನು ಯಾವ ಹೋರಿಗಾದರೂ ಕತ್ತಿ ಮುಟ್ಟಿಸುವ ಮೊದಲು ಇನ್ನೂ ಒರಟಾಗಿರುವ ಕೊಂಬಿನ ಬುಡಕ್ಕೆ ನಾನೂರು ಹಿಡಿಯುತ್ತೇನೆ. ಕೊಂಬಿಗೆ ಅದರಿಂದ ಏನೂ ಆಗುವುದಿಲ್ಲ. ಹೋರಿಗೆ ನನ್ನ ಕೈ ಗುರುತಾಗುತ್ತದೆ. ಗೋಡೆಯ ಕಡೆ ಅಂತೂ ನಿಲ್ಲುವುದಿಲ್ಲ, ಯಾರು ಏನೇ ಹೇಳಲಿ.

ಮರುದಿನ ಬೆಳಿಗ್ಗೆ ಹೋರಿಯನ್ನು ಬಯಲಿಗೆ ತರಿಸಿ, ಕೆಡವದೆ ನಿಲ್ಲಿಸಿಯೇ ಕಟ್ಟಿಸಿದೆ, ಈ ಸಲ ನಾಗಪ್ಪ ಬೇಡ ಎನ್ನಲಿಲ್ಲ. ನನ್ನ ಕೈ ಮೇಲೇಳುತ್ತಿರಲಿಲ್ಲ. ಪಕ್ಕೆಗೆ ಬಟ್ಟೆ ಬಿಗಿದುಕೊಂಡು ಕಟ್ಟೆಯ ಮೇಲೆ ಕೂತೆ, ಶಾಂತವ್ವನ ಕೈಯಲ್ಲಿ ಎಡಗೊಂಬು ತಿಕ್ಕಿಸಿದೆ. ಮೊದಲು ನಾನೂರು, ಹೋರಿ ಸುಮ್ಮನಾದ ಮೇಲೆ ಎಂಬತ್ತು, ನೂರೈವತ್ತು, ಇನ್ನೂರಿಪ್ಪತ್ತು, ಕೊನೆಗೆ ಮತ್ತೆ ನಾನೂರು. ಬಿಸಿಲು ಏರುವ ಹೊತ್ತಿಗೆ ಆಯಿತೆಂದು ಕೈ ಒರೆಸಿಕೊಂಡಳು. ನಾನು ಎದ್ದು ಹೋಗಿ ಒಂದು ಹನಿ ಎಣ್ಣೆ ಸವರಿ ನೋಡಿದೆ.

"ಎಂಬತ್ತರ ಗೆರಿ ಇನ್ನೂ ಅದಾವು. ಮತ್ತ ತಿಕ್ಕು," ಎಂದೆ.