ಡ್ರಮ್ಮಿನಲ್ಲಿ ನೆಟ್ಟ ಹಾಲುಗಂಬ

ನಮ್ಮ ಕಟ್ಟಡ ನೋಡಲು ಬರುವವರೆಲ್ಲ ಮೊದಲು ಕೇಳುವ ಮಾತು ಒಂದೇ: "ಮೊಳೆ ಎಲ್ಲಿ ಒಡೀಬೋದು ಮೇಡಮ್ಮಾ?"

ನೀರಿದೆಯೇ, ಕರೆಂಟಿದೆಯೇ, ಎಷ್ಟು ಜನ ಕೂರಬಹುದು, ಇದೆಲ್ಲ ಆಮೇಲೆ. ಮೊದಲು ಮೊಳೆ. "ಎಲ್ಲಿಯೂ ಹೊಡೆಯುವಂತಿಲ್ಲ" ಅಂದರೆ, ಅವರ ಮನೆಯ ಕೂಸಿಗೆ ನೀರು ಕೊಡಲ್ಲ ಅಂದ ಹಾಗೆ ನನ್ನ ಮುಖ ನೋಡುತ್ತಾರೆ. "ಇಷ್ಟ್ ದೊಡ್ ಗೋಡೆ ಇಟ್ಕೊಂಡು ಒಂದ್ ಮೊಳೆಗೆ ಅಳ್ತೀರಲ್ಲಮ್ಮಾ" ಎಂದು ಹೂವಿನ ಅಲಂಕಾರದವನೊಬ್ಬ ನನಗೇ ಬುದ್ಧಿ ಹೇಳಿದ್ದ. ಅವನ ಅಂಗಿಯ ಜೇಬು ಆಗಲೇ ಭಾರವಾಗಿ ಜೋಲುತ್ತಿತ್ತು. ಕೈ ಹಾಕಿ ನೋಡಿದ್ದರೆ ಮೂರಿಂಚಿನ ಮೊಳೆಗಳೇ ಸಿಗುತ್ತಿದ್ದವು. ನಾನು ನೋಡಲಿಲ್ಲ, ಅದು ನನ್ನ ತಪ್ಪು.

ಚಿನ್ನದ ಗಣಿ ನಡೆಸುತ್ತಿದ್ದ ಬಿಳಿಯ ದೊರೆಗಳು ಕುಣಿದು ಕುಪ್ಪಳಿಸಲು ಕಟ್ಟಿಸಿದ ಕ್ಲಬ್ಬು ಅದು. ಎತ್ತರದ ಮಾಡು, ಸಾಲು ಕಿಟಕಿಗಳು, ಸುತ್ತ ಜಗಲಿ, ನಡುವೆ ತೇಗದ ಹಲಗೆಯ ನೆಲ. ಹಲಗೆಯ ಕೆಳಗೆ ಟೊಳ್ಳು ಬಿಟ್ಟಿದ್ದಾರೆ. ಕಾಲಿಟ್ಟರೆ ಒಂದಿಷ್ಟು ತಗ್ಗಿ ಮತ್ತೆ ಮೇಲಕ್ಕೆತ್ತುತ್ತದೆ. ಗಣಿ ಮುಚ್ಚಿದ ಮೇಲೆ ಕಟ್ಟಡ ಕೈಯಿಂದ ಕೈಗೆ ಹೋಗಿ, ಪಾರಿವಾಳಗಳ ಪಾಲಾಗಿ, ಕಡೆಗೆ ನಗರಸಭೆಗೆ ಬಂತು. ರಿಪೇರಿಯಾಯಿತು. ಪಾರಂಪರಿಕ ಕಟ್ಟಡ ಎಂಬ ಬೋರ್ಡು ಬಿತ್ತು. ಖಾಲಿ ಬಿಟ್ಟರೆ ಮತ್ತೆ ಪಾರಿವಾಳ ಬರುತ್ತವೆಂದು ಮದುವೆಗೆ, ಸಭೆಗೆ, ಸಮ್ಮೇಳನಕ್ಕೆ ಕೊಡುವುದೆಂದು ತೀರ್ಮಾನವಾಯಿತು. ನೋಡಿಕೊಳ್ಳಲು ನನ್ನನ್ನು ಹಾಕಿದರು. ಅಲ್ಲಿಯವರೆಗೆ ನಾನು ರಾಬರ್ಟ್‌ಸನ್‌ಪೇಟೆಯ ಕಚೇರಿಯಲ್ಲಿ ಜನನ ಮರಣದ ಪತ್ರ ಬರೆಯುತ್ತಿದ್ದೆ. ಹುಟ್ಟಿದವರಾಗಲಿ ಸತ್ತವರಾಗಲಿ ನನ್ನನ್ನು ಮೊಳೆ ಕೇಳಿದವರಲ್ಲ.

ಮದುವೆಯವರ ಕಾಟ ಒಂದು ಬಗೆಯದಾದರೆ ಸಮ್ಮೇಳನದವರದು ಇನ್ನೊಂದು ಬಗೆ. ಕಿಟಕಿಗಳಿಂದ ಸುರಿಯುವ ಬೆಳಕಿನಲ್ಲಿ ಅವರ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಕಾಣಲೆಂದು ಊಟದ ಮೇಜಿನ ಬಟ್ಟೆಗಳನ್ನೆಲ್ಲ ಕಿಟಕಿಗೆ ಕಟ್ಟುತ್ತಾರೆ. ಮಧ್ಯಾಹ್ನ ಮೇಜಿಗೆ ಬಟ್ಟೆಯಿಲ್ಲವೆಂದು ನನ್ನ ಮೇಲೆ ಹಾಯುತ್ತಾರೆ. ಗೋಡೆಯಲ್ಲಿ ದೊರೆಗಳು ಚಳಿ ಕಾಯಿಸುತ್ತಿದ್ದ ಒಲೆಗೂಡೊಂದು ಇದೆ. ಶಿಕ್ಷಣದ ಬಗ್ಗೆ ಎರಡು ದಿನ ಮಾತಾಡಲು ಬಂದವರೊಬ್ಬರು, ಅದರಲ್ಲಿ ಸಾಂಬಾರು ಬಿಸಿಗಿಡಬಹುದೇ ಎಂದು ಕೇಳಿದ್ದರು.

ಇಷ್ಟಕ್ಕೆಲ್ಲ ನನಗಿದ್ದ ಸೈನ್ಯವೆಂದರೆ ಒಬ್ಬ ಕಾವಲುಗಾರ ತಾತ. ಗಣಿ ಕಾರ್ಮಿಕರ ಲೈನು ಮನೆಯಲ್ಲಿ ಹುಟ್ಟಿ ಬೆಳೆದವನು. ತಮಿಳಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವುದು ಅವನ ಮಾತಿನ ಕ್ರಮ. ನಾನು ಬರೆಸಿ ನಿಲ್ಲಿಸಿದ ಬೋರ್ಡಿನಲ್ಲಿ ಮೊಳೆ ಹೊಡೆಯಬಾರದು, ಗುಂಡಿ ತೋಡಬಾರದು, ನೆಲದ ಮೇಲೆ ಭಾರ ಎಳೆಯಬಾರದು ಎಂದಿತ್ತು. ತಾತ ಅದಕ್ಕೇ ತನ್ನ ಟವೆಲ್ಲು ಒಣಹಾಕುತ್ತಿದ್ದ. ಟವೆಲ್ಲಿನ ಮರೆಯಲ್ಲಿ ಗುಂಡಿಯ ಮಾತು ಯಾರಿಗೂ ಕಾಣುತ್ತಿರಲಿಲ್ಲ.

ಕಾಮಸಮುದ್ರದ ಕಡೆಯ ಹಳ್ಳಿಯ ರೈತರೊಬ್ಬರು ಮಗಳ ಮದುವೆಗೆ ಕೇಳಿಕೊಂಡು ಬಂದಾಗ ಜೊತೆಯಲ್ಲಿ ಅವರ ತಾಯಿಯೂ ಬಂದಿದ್ದರು. ನಾಲ್ಕು ಸೀಮೆಹಸು, ಒಂದಿಷ್ಟು ಹೊಲ ಇಟ್ಟುಕೊಂಡ ಮನೆ. ಹುಡುಗಿ ಬಂಗಾರಪೇಟೆಯ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಗಂಡಿನವರೂ ಬಂಗಾರಪೇಟೆಯವರೇ. ಮಗ ನನ್ನ ಜೊತೆ ದಿನಾಂಕದ ಮಾತಾಡುತ್ತಿದ್ದರೆ ಅಜ್ಜಿ ಚಪ್ಪಲಿ ಹೊರಗೆ ಬಿಟ್ಟು ತೇಗದ ನೆಲದ ಮೇಲೆ ಒಂದು ಸುತ್ತು ನಡೆದು ಬಂದರು.

"ವಯಸ್ನಾಗೆ ಇದರ ಇತ್ತಲ ಬಾಗ್ಲಿಗೆ ಮೊಸರು ತಂದಾಕ್ತಿದ್ದೆ ಕಣಮ್ಮಾ. ಅಡಿಗೆಯೋನು ಪಾತ್ರೆ ಈಸ್ಕೊಂಡು ಬಾಗ್ಲಾಕ್ತಿದ್ದ. ಒಳಗೆ ಎಂಗೈತೋ ಅಂತ ಇವತ್ತೇ ನೋಡಿದ್ದು. ಮೊಮ್ಮಗಳು ಇದರಾಗೇ ಧಾರೆ ಎರಿಸ್ಕೊಳ್ಳಲಿ."

"ಆಗಲಿ ಅಜ್ಜೀ. ಆದರೆ ಹೊರಗೆ ಗುಂಡಿ ತೋಡಬಾರದು."

"ಮತ್ತೆ ಆಲುಗಂಬ?"

ಹೇಳಬೇಕಾದದ್ದೇ. ನಮ್ಮ ಕಡೆ ಮದುವೆಗೆ ಮುಂಚೆ ಸೋದರಮಾವ ಅತ್ತಿಯದೋ ಆಲದ್ದೋ, ಹಾಲು ಬರುವ ಮರದ ಹಸಿ ಕೊಂಬೆ ಕಡಿದು ತರುತ್ತಾನೆ. ಅರಿಶಿನ ಬಳಿದು, ನವಧಾನ್ಯದ ಗಂಟು ಕಟ್ಟಿ, ಮದುವೆಯ ಜಾಗದಲ್ಲಿ ನೆಟ್ಟು, ಮುತ್ತೈದೆಯರು ಬುಡಕ್ಕೆ ಹಾಲೆರೆಯುತ್ತಾರೆ. ಅದೇ ಹಾಲುಗಂಬ. ಒಮ್ಮೆ ಹಾಲು ಬಿತ್ತೆಂದರೆ ಮದುವೆ ಮುಗಿಯುವತನಕ ಅದನ್ನು ಅಲ್ಲಾಡಿಸುವವರಿಲ್ಲ. ನಾನೂ ಅಂಥ ಕಂಬಕ್ಕೆ ಹಾಲೆರೆಸಿಯೇ ಮದುವೆಯಾದವಳು. ಆದರೂ ಬೋರ್ಡು ಬರೆಸಿದ್ದೆನಲ್ಲ, ಬಿಗಿಯಾಗಿ ಕೂತೆ. ಅಜ್ಜಿ ವಾದಿಸಿದರು. ನಾನೂ ವಾದಿಸಿದೆ. ಕಡೆಗೆ, ಡ್ರಮ್ಮಿಗೆ ಮಣ್ಣು ತುಂಬಿ ಅದರಲ್ಲಿ ನೆಟ್ಟುಕೊಳ್ಳಿ ಎಂದೆ. "ಮಣ್ಣು ನಮ್ಮೊಲದ್ದೇ ತತ್ತೀವಿ" ಎಂದು ಅಜ್ಜಿ ಸೋತವರ ಹಾಗೆ ಎದ್ದರು.

ಮದುವೆ ಶುಕ್ರವಾರ, ಹಿಂದಿನ ಸಂಜೆ ಆರತಕ್ಷತೆ. ಆ ವಾರದ ಸೋಮವಾರ ನಗರಸಭೆಯ ನಮ್ಮ ಆಫೀಸರ ಫೋನು ಬಂತು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು, ಕೆಟ್ಟವರಲ್ಲ. ಆದರೆ ಮೇಲಿನಿಂದ ಫೋನು ಬಂದರೆ ಕೂತಲ್ಲಿಂದ ಎದ್ದು ನಿಂತು ಮಾತಾಡುವವರು.

"ಮೇಡಂ, ಗುರುವಾರ ಶುಕ್ರವಾರ ಪ್ರವಾಸೋದ್ಯಮದ ಸಮ್ಮೇಳನ. ಮೇಲಿನವರೆಲ್ಲ ಬರ್ತಾರೆ. ನಮ್ಮ ಕಟ್ಟಡದಲ್ಲೇ ಆಗಬೇಕಂತೆ."

"ಮದುವೆಗೆ ಕೊಟ್ಟಾಗಿದೆ ಸಾರ್. ರಸೀತಿ ಆಗಿದೆ."

"ಅವರಿಗೆ ಬೇರೆ ಡೇಟ್ ಕೊಡ್ರೀ."

"ಮುಹೂರ್ತಕ್ಕೆ ಬೇರೆ ಡೇಟ್ ನಾನೆಲ್ಲಿಂದ ತರಲಿ ಸಾರ್?"

"ಏನ್ರೀ ಮೇಡಂ, ಪುರೋಹಿತರನ್ನ ಕೇಳಿದ್ರೆ ಹುಡುಕಿ ಕೊಡ್ತಾರೆ. ಅದೊಂದು ದೊಡ್ಡ ವಿಷಯವಾ?"

ಕಾರ್ಡು ಹಂಚಿಯಾಗಿತ್ತು. ಕ್ಲಬ್ಬು ಕೈತಪ್ಪಿದರೆ ಗಂಡಿನವರು ಮದುವೆಯನ್ನು ಬಂಗಾರಪೇಟೆಯಲ್ಲಿ ತಮ್ಮ ಕಡೆಯೇ ಮಾಡಿಕೊಳ್ಳುತ್ತಾರೆಂದು ಹುಡುಗಿಯ ತಂದೆ ಮೊದಲೇ ಹೇಳಿದ್ದರು. ಹಾಗಾದರೆ ಹೆಣ್ಣಿನ ಮನೆಯವರು ತಮ್ಮ ಮಗಳ ಮದುವೆಗೆ ನೆಂಟರ ಹಾಗೆ ಹೋಗಿ ಉಂಡು ಬರಬೇಕು. ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ. ಸೋಮವಾರ ಸಂಜೆ ಅವರಿಗೆ ಫೋನು ಮಾಡಿ, ಕುರ್ಚಿ ಎಷ್ಟು ಬೇಕೆಂದು ಕೇಳಿ ಇಟ್ಟೆ. ಮಂಗಳವಾರ ಮತ್ತೆ ಮಾಡಿ, ಜನರೇಟರು ನೀವೇ ತರುತ್ತೀರಾ ಎಂದು ಕೇಳಿ ಇಟ್ಟೆ. ನಡುವೆ ಆಫೀಸರ ಮನಸ್ಸು ತಿರುಗಿಸಲು ಎರಡು ಸಲ ಕಚೇರಿಗೆ ಹೋದೆ. ಎರಡು ಸಲವೂ ಅವರು ಮೀಟಿಂಗಿನಲ್ಲಿದ್ದರು. ಬಾಯಿ ತೆಗೆದು ಹೇಳಬೇಕಾದ ಒಂದು ಮಾತನ್ನು ಎರಡು ದಿನ ನುಂಗಿಕೊಂಡು ಓಡಾಡಿದೆ. ಯಾರ ಮೇಲೋ ಕೋಪ ಬಂದಾಗಲೆಲ್ಲ ತಾತನ ಟವೆಲ್ಲು ಕಿತ್ತು ಎಸೆದೆ.

ಬುಧವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಗೇಟಿನೊಳಗೆ ಟ್ರ್ಯಾಕ್ಟರು ನಿಂತಿತ್ತು. ಜಗಲಿಯ ಮುಂದೆ ನೀಲಿ ಡ್ರಮ್ಮು. ಅದರ ತುಂಬ ಕೆಮ್ಮಣ್ಣು. ಮಣ್ಣಿನ ನಡುವೆ ಅರಿಶಿನ ಬಳಿದ ಅತ್ತಿಯ ಕೊಂಬೆ ನೆಟ್ಟಗೆ ನಿಂತಿತ್ತು. ಐದು ಜನ ಮುತ್ತೈದೆಯರು ಸುತ್ತ ನಿಂತಿದ್ದರು. ಅಜ್ಜಿಯ ಕೈಯಲ್ಲಿ ಖಾಲಿ ಚೊಂಬು.

"ನೀನೇಳ್ದಂಗೇ ಮಾಡಿದೀನಿ ನೋಡಮ್ಮಾ. ನಿನ್ ನೆಲಕ್ಕೆ ಒಂದ್ ಗೀರೂ ಬಿದ್ದಿಲ್ಲ."

ಆಗ ಹೇಳಿದೆ. ಎರಡು ದಿನ ನುಂಗಿದ್ದನ್ನು ಒಂದೇ ಉಸಿರಿಗೆ ಕಕ್ಕಿದೆ. ಹುಡುಗಿಯ ತಂದೆ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ನಿಂತವರು ಹಾಗೇ ನೆಲಕ್ಕೆ ಕುಸಿದು ಕೂತರು.

"ಸೋಮಾರದಿಂದ ಗೊತ್ತಿತ್ತಾ ನಿಮ್ಗೆ? ಕುರ್ಚಿ ಲೆಕ್ಕ ಕೇಳ್ದಾಗ?"

"ಗೊತ್ತಿತ್ತಣ್ಣಾ."

ಅವರು ಬಯ್ಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈದದ್ದು ಅಜ್ಜಿ: "ಓದಿದೋಳು ಅಂತೀಯ, ಒಂದ್ ಮಾತ್ ಆಡಕ್ಕೆ ಬಾಯಿ ಬರ್ಲಿಲ್ವೇನಮ್ಮಾ? ಸರಿ. ಈಗ ಆಲೆರ್ದಾಗೋಯ್ತು. ಯಾರ್ ಬಂದು ಎತ್ತಾರೋ ಎತ್ತಲಿ." ಚೊಂಬು ಬದಿಗಿಟ್ಟು ಡ್ರಮ್ಮಿನ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಹನ್ನೊಂದರ ಹೊತ್ತಿಗೆ ಆಫೀಸರು ಸಮ್ಮೇಳನದ ವೇದಿಕೆಯ ಜಾಗ ನೋಡಲು ಜೀಪಿನಲ್ಲಿ ಬಂದರು. ಹಿಂದೆ ಪೆಂಡಾಲು ಹಾಕುವ ನಾಲ್ಕು ಆಳುಗಳು.

"ಏನ್ರೀ ಇದು ಡ್ರಮ್ಮು?"

"ಹಾಲುಗಂಬ ಸಾರ್. ಮದುವೆಯದು."

"ಮದುವೆ ಇಲ್ಲ ಅಂದಿದ್ದೆನಲ್ಲ. ತೆಗೆಸ್ರೀ. ಡ್ರಮ್ಮಿನಲ್ಲಿ ತಾನೇ ಇರೋದು? ಎತ್ತಿ ಟ್ರ್ಯಾಕ್ಟರಿಗೆ ಇಟ್ಟರಾಯ್ತು."

ನಾಲ್ಕು ಆಳುಗಳೂ ಹತ್ತಿರ ಹೋದರು. ಅರಿಶಿನ ನೋಡಿದರು. ಹಸಿಯಾಗಿದ್ದ ಮಣ್ಣು ನೋಡಿದರು. ನಾಲ್ಕು ಹೆಜ್ಜೆ ಹಿಂದೆ ಬಂದರು. ಅವರಲ್ಲಿ ದೊಡ್ಡವನು ತೆಲುಗಿನಲ್ಲಿ ಏನೋ ಗೊಣಗಿ, ಕನ್ನಡದಲ್ಲಿ ಹೇಳಿದ: "ಸಾಮೀ, ಆಲೆರ್ದವ್ರೆ. ಬೇರೆ ಏನಾದ್ರೂ ಕೆಲ್ಸ ಏಳಿ."

"ತಾತಾ, ನೀನು ಹಿಡಿ."

"ನಾನ್ ತೊಡಮಾಟ್ಟೇನ್ ಸಾರ್, ಮುಟ್ಟಲ್ಲ. ಮನೇಲಿ ಮದುವೆಗಿರೋ ಮೊಮ್ಮಗಳಿದಾಳೆ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ."

ಆಫೀಸರು ನನ್ನ ಕಡೆ ತಿರುಗಿದರು. ನಾನು ಕಾಗದ ಬರೆಯುವವಳು, ಡ್ರಮ್ಮು ಎತ್ತುವುದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ ಎಂದೆ. ಆ ವಾರ ನನ್ನ ಬಾಯಿಂದ ಬಂದ ನೆಟ್ಟನೆಯ ಮಾತು ಅದೊಂದೇ. ಅವರಿಗೆ ಸಿಟ್ಟು ಬಂತು. ಕೈಗಡಿಯಾರ ಮೇಲಕ್ಕೆ ಸರಿಸಿಕೊಂಡು, ತಾವೇ ಹೋಗಿ ಡ್ರಮ್ಮಿನ ಅಂಚಿಗೆ ಕೈ ಹಾಕಿದರು.

ಅಜ್ಜಿ ಕೂತಲ್ಲಿಂದ ಏಳಲಿಲ್ಲ. "ಮದುವೆ ಆಗೈತೇನಪ್ಪಾ ನಿಂಗೆ?"

"ಆಗಿದೆಯಮ್ಮಾ. ಯಾಕೆ?"

"ಎಣ್ಮಕ್ಳವ್ರಾ?"

"ಒಬ್ಬಳಿದಾಳೆ."

"ಅಂಗಾದ್ರೆ ಎತ್ತು. ನಾನೇನೂ ಅನ್ನಕಿಲ್ಲ."

ಶಾಪ ಹಾಕಿದ್ದರೆ ಅವರು ಎತ್ತಿಯೇ ಬಿಡುತ್ತಿದ್ದರೇನೋ. ಏನೂ ಅನ್ನುವುದಿಲ್ಲ ಅಂದದ್ದೇ ಕೆಲಸ ಕೆಡಿಸಿತು. ಅವರು ಅಂಚಿನಿಂದ ಕೈ ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡು, ಫೋನು ಹಿಡಿದು ಜೀಪಿನ ಆಚೆಗೆ ಹೋಗಿ ನೆಟ್ಟಗೆ ನಿಂತರು. ನಮಗೆಲ್ಲ ಕೇಳಿಸುತ್ತಿತ್ತು.

"ನಮಸ್ಕಾರ ಸಾರ್. ಕಟ್ಟಡದ ನೆಲ ಸರಿಯಿಲ್ಲ ಸಾರ್. ಹಳೇ ಹಲಗೆ. ಅಷ್ಟು ಜನದ ಭಾರ ತಡೆಯಲ್ಲ. ಹೌದು ಸಾರ್, ನಾನೇ ಈಗ ಸ್ಥಳದಲ್ಲಿ ನಿಂತು ನೋಡ್ತಾ ಇದೀನಿ."

ಸಮ್ಮೇಳನ ಕೋಲಾರಕ್ಕೆ ಹೋಯಿತು. ಹುಡುಗಿಯ ತಂದೆ ಎದ್ದು ಪಂಚೆ ಕೊಡವಿಕೊಂಡು, "ಕುರ್ಚಿ ಇನ್ನೂ ನೂರು ಬೇಕಾಗ್ತದೆ ಮೇಡಮ್ಮಾ" ಎಂದರು.

ಮದುವೆ ಹೇಗಾಯಿತೆಂದು ಕೇಳಬೇಡಿ. ಭಾರ ತಡೆಯದ ಆ ನೆಲದ ಮೇಲೆ ಗುರುವಾರ ಸಂಜೆ ತಮಟೆ ಬಡಿದು ಎರಡು ಊರಿನವರು ಕುಣಿದರು. ಗಂಡಸರು ಸುಸ್ತಾದ ಮೇಲೆ ಹೆಂಗಸರು ಕುಣಿದರು. ಬೇಡವೆನ್ನಲು ಹೋದ ನನ್ನನ್ನೇ ಹುಡುಗಿ ಕೈ ಹಿಡಿದು ಎಳೆದಳು. ನಾಲ್ಕು ಹೆಜ್ಜೆ ಹಾಕಿದೆ, ಸುಳ್ಳೇಕೆ? ಹಲಗೆ ಕಾಲಿನಡಿ ತಗ್ಗಿ ಏಳುತ್ತಿತ್ತು. ಬೆಳಿಗ್ಗೆ ನೋಡಿದರೆ ಹಿತ್ತಲ ಬಾಗಿಲ ಚೌಕಟ್ಟಿಗೆ ಎರಡು ಹೊಸ ಮೊಳೆ, ಅದರಿಂದ ತೂಗುವ ಚೆಂಡುಹೂವಿನ ಸರ. ಬಯ್ಯಲು ಬಾಯಿ ತೆಗೆದೆ. ಅಜ್ಜಿ ಅದೇ ಬಾಗಿಲಲ್ಲಿ ನಿಂತು ಒಳಬರುವವರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಿದ್ದರು. ಮುಚ್ಚಿದೆ. ಮಧ್ಯಾಹ್ನ, "ಸುಮ್ಮನೆ ವ್ಯವಸ್ಥೆ ನೋಡಿಹೋಗೋಣ ಅಂತ" ಆಫೀಸರೂ ಬಂದರು. ಅಜ್ಜಿ ಕೂರಿಸಿ, ಪಕ್ಕದಲ್ಲೇ ನಿಂತು ಹೋಳಿಗೆಗೆ ತುಪ್ಪ ಹಾಕಿಸಿದರು.

ಮುಂದಿನ ವಾರ ಮೇಲಿನಿಂದ ಪತ್ರ ಬಂತು. ಕಟ್ಟಡದ ನೆಲ ಅಪಾಯದ ಸ್ಥಿತಿಯಲ್ಲಿದೆಯೆಂದು ಸ್ಥಳ ಪರಿಶೀಲಿಸಿದ ಅಧಿಕಾರಿಯೇ ತಿಳಿಸಿರುವುದರಿಂದ, ವಿವರಣೆ ಸಲ್ಲಿಸುವವರೆಗೆ ಯಾರಿಗೂ ಕೊಡತಕ್ಕದ್ದಲ್ಲ! ಆಂಡರ್ಸನ್‌ಪೇಟೆಯ ಶಾಲೆಯ ವಾರ್ಷಿಕೋತ್ಸವ, ಎರಡು ಮದುವೆ, ಒಂದು ನಿವೃತ್ತರ ಸಭೆ, ಎಲ್ಲರೂ ನನ್ನ ಕೊರಳಿಗೆ ಬಿದ್ದರು. ಒಂದು ಮದುವೆ ಉಳಿಸಲು ಹೇಳಿದ ಸುಳ್ಳಿಗೆ ಇನ್ನೆರಡು ಮದುವೆ ಬೀದಿಗೆ ಬಂದವು. ತಲೆ ಚಚ್ಚಿಕೊಳ್ಳೋಣವೆಂದರೂ ಈ ಕಟ್ಟಡದ ಗೋಡೆಗೆ ಚಚ್ಚಿಕೊಳ್ಳುವಂತಿಲ್ಲ.

ಈ ಸಲ ನುಂಗಿಕೊಳ್ಳಲಿಲ್ಲ. ಅದೇ ದಿನ ವಿವರಣೆ ಬರೆದೆ. ಇಂಥ ಗುರುವಾರ ಮತ್ತು ಶುಕ್ರವಾರ ಈ ನೆಲದ ಮೇಲೆ ಒಂದು ಮದುವೆ ನಡೆದಿದೆ, ಎರಡು ಊರಿನ ಜನ ಕುಣಿದಿದ್ದಾರೆ, ಸ್ಥಳ ಪರಿಶೀಲಿಸಿದ ಅಧಿಕಾರಿಯೂ ಸೇರಿದಂತೆ ಬಂದವರೆಲ್ಲ ಇದೇ ನೆಲದ ಮೇಲೆ ಕೂತು ಉಂಡಿದ್ದಾರೆ, ಒಂದು ಹಲಗೆಯೂ ಬಿರುಕು ಬಿಟ್ಟಿಲ್ಲ, ಆದ್ದರಿಂದ ನೆಲ ಗಟ್ಟಿಯಾಗಿದೆ. ತೆಗೆದುಕೊಂಡು ಹೋಗಿ ಆಫೀಸರ ಮೇಜಿನ ಮೇಲಿಟ್ಟೆ.

ಓದಿದರು. ಇನ್ನೊಮ್ಮೆ ಓದಿದರು.

"ಇದಕ್ಕೆ ನಾನು ಸಹಿ ಹಾಕಿದರೆ, ಅವತ್ತು ಫೋನಿನಲ್ಲಿ ಹೇಳಿದ್ದು ಏನಾಯ್ತು ಮೇಡಂ?"

"ತಪ್ಪಾಗಿ ಕಂಡಿತ್ತು ಅನ್ನಿ ಸಾರ್."

"‘ಅಧಿಕಾರಿಯೂ ಸೇರಿದಂತೆ’ ಅನ್ನೋದಾದರೂ ತೆಗೀರಿ."

"ಅದನ್ನು ತೆಗೆದರೆ ಸಾಕ್ಷಿಗೆ ಯಾರಿದ್ದಾರೆ ಸಾರ್? ಹಳ್ಳಿಯವರ ಮಾತು ಯಾರು ನಂಬುತ್ತಾರೆ?"

ಪೆನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಹೊರಗೆ ಆ ಎರಡು ಮದುವೆಗಳ ತಂದೆಯರು ಬೆಂಚಿನ ಮೇಲೆ ಕೂತು ಒಳಕ್ಕೆ ಇಣುಕುತ್ತಿದ್ದರು. ಆಫೀಸರು ಅವರನ್ನೊಮ್ಮೆ ನೋಡಿ, ಕಾಗದದ ಕೆಳಗೆ ಸಹಿ ಹಾಕಿದರು. ಹಾಕಿ, ತಲೆಯೆತ್ತದೆ ಕೇಳಿದರು:

"ಆ ಅಜ್ಜಿಯ ಮೊಮ್ಮಗಳು ಚೆನ್ನಾಗಿದಾಳೇನ್ರೀ?"

"ಚೆನ್ನಾಗಿದಾಳೆ ಸಾರ್. ಸೋಮವಾರದಿಂದ ಕೆಲಸಕ್ಕೂ ಹೋಗ್ತಾ ಇದಾಳೆ."

"ಸರಿ" ಎಂದು ಕಾಗದ ನನ್ನ ಕಡೆ ತಳ್ಳಿದರು. "ಹೊರಗಿರೋರನ್ನ ಒಬ್ಬೊಬ್ಬರಾಗಿ ಕಳಿಸಿ. ಮುಹೂರ್ತ ಯಾವತ್ತು ಅಂತ ಈ ಸಲ ನಾನೇ ಬರ್ಕೋತೀನಿ."