ಮೊಳಕಾಲ್ಮೂರಿಗೆ ಎರಡು ಕದಿರು

ಅಕ್ಕ ಔಷಧಿ ಕುಡಿದು ಮಲಗಿದ್ದಾಳೆ. ಅವಳ ಮನೆಯ ಜಗುಲಿಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ.

ಚಳ್ಳಕೆರೆಯ ಪಂಡಿತರು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಹೇಳಿ ಔಷಧಿ ಕೊಟ್ಟಿದ್ದರು. ಅರ್ಧ ದಾರಿ ದಾಟಿದ ಮೇಲೆ ಎತ್ತಿನ ಗಾಡಿಯ ಅಚ್ಚು ಮುರಿಯಿತು. ಇಳಿದು ನಡೆದೆ. ಜಾಲಿಮರದ ಕೆಳಗೆ ಮುದುಕನೊಬ್ಬ ಕೈಯ ಕದಿರಿನಲ್ಲಿ ಕುರಿಯುಣ್ಣೆ ನೂಲುತ್ತಾ ನಿಂತಿದ್ದ.

"ಮೊಳಕಾಲ್ಮೂರು ಇನ್ನೆಷ್ಟು ದೂರ, ಯಜಮಾನ್ರೆ?"

"ಎರಡು ಕದಿರು ಐತ್ರಿ. ನಡ್ಕೊಂತ ನೂತ್ರೆ, ಎರಡನೇದು ತುಂಬೋ ಹೊತ್ತಿಗೆ ಊರು ಬರ್ತೈತೆ."

"ಮೈಲಿ ಹೇಳ್ರಿ," ಎಂದು ರೇಗಿದೆ. ಮೈಲಿ ಆತನಿಗೆ ಗೊತ್ತಿರಲಿಲ್ಲ. ಅಕ್ಕನ ಜ್ವರದ ಸಂಗತಿ ಹೇಳಿದೆ.

"ಹಂಗಾರೆ ಕಾಲುದಾರಿ ಹಿಡೀರಿ, ಒಂದೇ ಕದಿರು. ಬರ್ರಿ, ನಾನೂ ಬರ್ತೀನಿ."

ಗುಡ್ಡದ ಮಗ್ಗುಲಲ್ಲಿ ಅವನು ನೂಲುತ್ತಾ ಮುಂದೆ ನಡೆದ, ನಾನು ಏದುತ್ತಾ ಹಿಂದೆ. ಕದಿರು ತುಂಬಿತು, ತಲೆಯೆತ್ತಿದರೆ ಊರಿನ ಮನೆಗಳು! ಬಿಸಿಲಿನ್ನೂ ಇತ್ತು.

"ನಿಮ್ಮ ಮನೆ ಯಾವ ಕಡೆ?" ಎಂದೆ.

"ನಾ ನಿಂತಿದ್ನಲ್ಲ, ಆ ಜಾಲಿಮರದ ಹಿಂದೇನೇ ಐತ್ರಿ."

ಕೈ ಮುಗಿದೆ. ಅವನು ನೂಲು ಬಿಚ್ಚಿ ಉಂಡೆ ಸುತ್ತಿಕೊಂಡು, ಬರಿದಾದ ಕದಿರಿಗೆ ಹೊಸ ಎಳೆ ಹಚ್ಚಿದ.

"ಇರ್ಲಿ ಬಿಡ್ರಿ, ಮನೆ ಮುಟ್ಟೋದ್ರಾಗೆ ಇನ್ನೊಂದು ಕದಿರು ನೂಲಾಗ್ತೈತೆ."