ಯೆಸ್ ಮಿಸ್ ಅನ್ನಬೇಡಿ

ಹಲಸೂರಿನ ಜೆರಾಕ್ಸ್ ಅಂಗಡಿಯಲ್ಲಿ ಮೊನ್ನೆ ಬಿಸಿ ಬಿಸಿ ಕಾಗದ ಕೈಗೆ ಬಂದಾಗ, ಆ ವಾಸನೆಗೆ ಮಿಸ್ ನೆನಪಾದರು. ರಸೆಲ್ ಮಾರುಕಟ್ಟೆಯ ಹಿಂದೆ, ಬಳೆ ಅಂಗಡಿಯೊಂದರ ಮಹಡಿಯಲ್ಲಿ ಅವರು ಸಂಜೆ ಹೊತ್ತು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಹೂ ಕಟ್ಟುವವರು, ಮನೆಗೆಲಸದವರು, ಬುರ್ಖಾ ಹೊಲಿಯುವವರು... ಮನೆಯಲ್ಲಿ ತಮಿಳೋ ದಖನಿ ಉರ್ದುವೋ ಆಡುವವರೇ ಎಲ್ಲ. ಪಾಠ ಬರೆದು ಜೆರಾಕ್ಸ್ ಮಾಡಿಸಿ ತರುವ ಕೆಲಸ ನನ್ನದು. ಇಂಗ್ಲಿಷ್ ಎಂ.ಎ. ಆಗಷ್ಟೇ ಮುಗಿಸಿದ್ದೆ, ಕೊಂಬು ಬಂದಿತ್ತು ಅನ್ನಿ.

ನನ್ನ ಮೊದಲ ಪಾಠ ಓದಿದ ಮಿಸ್, "ಇದು ನಿನ್ನ ಪ್ರೊಫೆಸರಿಗೆ ಬರೆದಿದ್ದು ಕಣಮ್ಮ, ಇವ್ರಿಗಲ್ಲ" ಅಂದರು. ನನಗೆ ಉರಿದುಹೋಯಿತು.

"ಓದಿ ಹೇಳ್ದೆ ಮಿಸ್. ಎಲ್ರೂ ಅರ್ಥ ಆಯ್ತು ಅಂದ್ರು."

ಮಿಸ್ ವಾದಕ್ಕಿಳಿಯಲಿಲ್ಲ. ತರಗತಿಯ ಮುಂದೆ ನಿಂತು, ಇಂದಿನ ಪಾಠ ರದ್ದಾಗಿದೆ, ತಾವೆಲ್ಲ ನಿರ್ಗಮಿಸಬಹುದು ಎಂಬುದನ್ನು ನನ್ನದೇ ಧಾಟಿಯ ಭಾರಿ ಇಂಗ್ಲಿಷಿನಲ್ಲಿ ನಗುನಗುತ್ತ ಹೇಳಿದರು. ಎಲ್ಲರೂ "ಯೆಸ್ ಮಿಸ್" ಎಂದು ತಲೆಯಾಡಿಸಿದರು. ಒಬ್ಬರೂ ಏಳಲಿಲ್ಲ. ಪೆನ್ಸಿಲ್ ಹಿಡಿದು ಪಾಠಕ್ಕಾಗಿ ಕಾಯುತ್ತ ಕೂತೇ ಇದ್ದರು. "ನೋ ಕ್ಲಾಸ್ ಟುಡೇ. ಗೋ ಹೋಮ್" ಅಂದಾಗಲೇ ಎದ್ದು ಚಪ್ಪಲಿ ಹುಡುಕಿದ್ದು.

ಎಲ್ಲರೂ ಹೋದ ಮೇಲೆ ಮಿಸ್ ಕಿಟಕಿ ಮುಚ್ಚುತ್ತ ಹೇಳಿದರು. "ನಮ್ಮಮ್ಮನೂ ಹೀಗೇ ಯೆಸ್ ಡಾಕ್ಟರ್ ಅಂದಿದ್ಳು. ನನ್ನ ತಮ್ಮಂಗೆ ಆಪರೇಷನ್ ಇತ್ತು. ಬೆಳಿಗ್ಗೆ ಏನೂ ಕೊಡ್ಬೇಡಿ ಅಂತ ಅವ್ರು ಇಂಗ್ಲಿಷಲ್ಲಿ ಹೇಳಿದ್ರು. ಮಗು ಹಸ್ಕೊಂಡಿದೆ ಅಂತ ಇವ್ಳು ಹಾಲು ಕುಡಿಸಿದ್ಳು. ಮತ್ತಿನ ಔಷಧಿ ಕೊಟ್ಮೇಲೆ ಆ ಹಾಲು ಉಸಿರಿಗೆ ಸಿಕ್ಕೊಂಡು ಹೋಗ್ಬಿಟ್ಟ."

ಆಮೇಲೆ ನಮ್ಮ ತರಗತಿಯಲ್ಲಿ ಯಾರೂ ಬರೀ ಯೆಸ್ ಅನ್ನುವಂತಿರಲಿಲ್ಲ. ತಿಳಿದದ್ದನ್ನು ತಮ್ಮ ಭಾಷೆಯಲ್ಲಿ ತಿರುಗಿ ಹೇಳಬೇಕಿತ್ತು. ಹೇಳಲು ಬಾರದಿದ್ದರೆ ನಾನು ಪಾಠವನ್ನೇ ಬದಲಿಸಬೇಕಿತ್ತು. ಗೊಣಗುತ್ತಲೇ ಬದಲಿಸುತ್ತಿದ್ದೆ.

ಹೋದ ವರ್ಷ ಮಿಸ್ ಆಸ್ಪತ್ರೆ ಸೇರಿದರು. ಮದುವೆಯಾಗದ ಅವರಿಗೆ ನಾವು ತರಗತಿಯವರೇ ಮನೆಯವರು. ಮಧ್ಯಾಹ್ನ ಕನ್ನಡ ಬಾರದ ಡಾಕ್ಟರೊಬ್ಬರು ಬಂದು ದೊಡ್ಡ ದೊಡ್ಡ ವೈದ್ಯಕೀಯ ಪದಗಳ ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದರು. ನನಗೂ ತಲೆಬುಡ ತಿಳಿಯಲಿಲ್ಲ. ಅವರು ಹೊರಡಲು ತಿರುಗಿದರು. ನಮ್ಮಲ್ಲಿ ಯಾರೂ ಯೆಸ್ ಅನ್ನಲಿಲ್ಲ.

ಹೂ ಕಟ್ಟುವಾಕೆ ಮುಂದೆ ಹೋಗಿ, "ಡಾಕ್ಟರ್, ಸ್ಮಾಲ್ ವರ್ಡ್ಸ್ ಪ್ಲೀಸ್" ಅಂದಳು.

ಡಾಕ್ಟರ್ ಮತ್ತೆ ನಮ್ಮತ್ತ ತಿರುಗಿದರು. ಆಮೇಲೆ, "ಶಿ ವಿಲ್ ಡೈ ಟುಡೇ" ಅಂದರು.

ಅರ್ಥ ಏನು ಎಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಮನೆಗೆ ಹೊರಟಿದ್ದವರೂ ಬ್ಯಾಗು ಕೆಳಗಿಟ್ಟರು. ಸಂಜೆ ಮಿಸ್ ಉಸಿರು ನಿಂತಾಗ ನಾವೆಲ್ಲ ಅವರ ಮಂಚದ ಸುತ್ತ ಇದ್ದೆವು.

ಈಗ ಆ ಮಹಡಿಯಲ್ಲಿ ನಾನೇ ಪಾಠ ಹೇಳುತ್ತೇನೆ. ನಿನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೆಟ್ಟಿಲೇರಿ ಬಂದು, "ಮಿಸ್ ಎಲ್ಲಿ ಅಕ್ಕಾ?" ಅಂದಳು. ಹೇಳಬೇಕಾದ ಪದ ಪುಟ್ಟದೇ. ನನ್ನ ಬಾಯಿಂದ ಹೊರಡಲಿಲ್ಲ.